ಫಾದರ್, ಒನ್ಸ್ ಮೋರ್!

ಭಾನುವಾರ ಸಂಜೆ, ಮುಂಬಯಿಯ ಮಲಾಡ್ ಕಡೆಯ ಒಂದು ಇಗರ್ಜಿ, ಅಂದರೆ ಚರ್ಚು. ಮಗುವೊಂದಕ್ಕೆ ದೀಕ್ಷಾಸ್ನಾನ, ನೀರು ಹೊಯ್ದು ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರ. ಗುರುಗಳು ಮಗುವಿನ ತಲೆಗೆ ಮೂರನೇ ಸಲ ನೀರು ಹೊಯ್ದು ಚೊಂಬು ಕೆಳಗಿಟ್ಟಿದ್ದರಷ್ಟೆ. "ಫಾದರ್, ಒನ್ಸ್ ಮೋರ್! ಫ್ಲ್ಯಾಶ್ ಬರ್ಲಿಲ್ಲ!" ಅಂದ ಫೋಟೋಗ್ರಾಫರ್. ಮಗುವಿನ ಅಪ್ಪನೂ ದನಿಗೂಡಿಸಿದರು, "ಹೌದು ಫಾದರ್, ಪ್ಲೀಸ್." ಪಾಪ, ಗುರುಗಳು ಸೌಮ್ಯ ಸ್ವಭಾವದವರು. ಖಾಲಿ ಚೊಂಬನ್ನೇ ಬಗ್ಗಿಸಿ ನಿಂತರು. ಈಗ ಎಲ್ಲರ ವಾಟ್ಸಾಪಿನಲ್ಲಿ ಓಡಾಡುತ್ತಿರುವುದು ಅದೇ ಫೋಟೋ. ನೀರೇ ಇಲ್ಲದ ದೀಕ್ಷಾಸ್ನಾನ!

ಸ್ವಾಮಿ, ಬೇರೆ ಯಾವುದನ್ನು ಬೇಕಾದರೂ ಇನ್ನೊಮ್ಮೆ ಮಾಡಿಸಿ. ಕೇಕ್ ಇನ್ನೊಮ್ಮೆ ಕತ್ತರಿಸಿ. ದೀಕ್ಷಾಸ್ನಾನಕ್ಕೆ ಮಾತ್ರ ಇನ್ನೊಮ್ಮೆ ಎಂಬುದಿಲ್ಲ. ಅದು ಆತ್ಮದ ಮೇಲೆ ಒತ್ತುವ ಮುದ್ರೆ, ಅಳಿಸಲು ಬರುವುದಿಲ್ಲ ಅನ್ನುತ್ತದೆ ಕಥೋಲಿಕ ಸಭೆ. ಊರೆಲ್ಲ ತಿರುಗಿ, ದೇವರನ್ನೇ ಮರೆತು, 40 ವರ್ಷದ ಮೇಲೆ ವಾಪಸ್ ಬಂದವನಿಗೂ ಮತ್ತೆ ನೀರು ಹೊಯ್ಯುವುದಿಲ್ಲ.

ಬೇಕಾಗುವುದಾದರೂ ಎಷ್ಟು? ಶುದ್ಧ ನೀರು, ಸರಿಯಾದ ಮಾತು, ಸಭೆ ಮಾಡುವುದನ್ನೇ ಮಾಡುತ್ತೇನೆಂಬ ಮನಸ್ಸು. ನೀರು ಚರ್ಮಕ್ಕೆ ತಾಗಿ ಹರಿಯಬೇಕು. ದಟ್ಟ ಕೂದಲಿನ ಮಗುವಾದರೆ ನೀರು ಕೂದಲ ಮೇಲೇ ಜಾರಿಹೋಗುತ್ತದೆ, ಅದಕ್ಕೇ ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಹಿಡಿಯಬೇಕು. ಲೇಸಿನ ಟೋಪಿ ಹಾಳಾಗುತ್ತದೆಂದು ಅದನ್ನು ತೆಗೆಯಲು ಹಿಂದೆಮುಂದೆ ನೋಡುವ ಅಜ್ಜಿಯಂದಿರೇ, ದಯವಿಟ್ಟು ಮೊದಲೇ ತೆಗೆದಿಡಿ. ನೀರು ತಣ್ಣಗಿದ್ದರೆ ಬಿಸಿನೀರು ಬೆರೆಸಿಕೊಳ್ಳಬಹುದು, ಅದರಲ್ಲೇನೂ ತಪ್ಪಿಲ್ಲ. ಒದ್ದೆ ಬಟ್ಟೆಯಲ್ಲಿ ಒತ್ತಿ ಮುಗಿಸುವಂತಿಲ್ಲ. ಮಾತಂತೂ ಒಂದಕ್ಷರ ಆಚೀಚೆ ಆಗಬಾರದು. "ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ" ಎನ್ನುವ ಕಡೆ "ನಾವು ನಿನಗೆ" ಎಂದರೆ ದೀಕ್ಷಾಸ್ನಾನ ಆಗಲೇ ಇಲ್ಲ ಎಂದು 2020ರ ಆಗಸ್ಟಿನಲ್ಲಿ ವ್ಯಾಟಿಕನ್ ಸ್ಪಷ್ಟವಾಗಿ ಹೇಳಿತು. ಅಮೆರಿಕದ ಫೀನಿಕ್ಸ್ ಧರ್ಮಪ್ರಾಂತ್ಯದಲ್ಲಿ ಒಬ್ಬ ಗುರು ವರ್ಷಗಟ್ಟಲೆ "ನಾವು" ಎಂದೇ ಹೇಳಿದ್ದರಿಂದ 2022ರಲ್ಲಿ ಸಾವಿರಾರು ಜನರನ್ನು ಸರಿಯಾದ ದೀಕ್ಷಾಸ್ನಾನಕ್ಕೆಂದು ಹುಡುಕಿ ಕರೆಯಬೇಕಾಯಿತು. ಒಂದು ಸರ್ವನಾಮಕ್ಕೆ ಅಷ್ಟು ಬೆಲೆ. ನಮಗೆ ಫ್ಲ್ಯಾಶಿನದೇ ಚಿಂತೆ.

ಆಮೇಲೆ ನೆತ್ತಿಗೆ ಕ್ರಿಸ್ಮ ತೈಲ. ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲಿ ಬಿಷಪರು ಪರಿಮಳ ಬೆರೆಸಿ ಪವಿತ್ರಗೊಳಿಸಿ ಕೊಟ್ಟ ಎಣ್ಣೆ ಅದು. ಹಚ್ಚಿ ಅರ್ಧ ನಿಮಿಷ ಆಗಿಲ್ಲ, ಬೇಬಿ ವೈಪ್ಸ್ ಹೊರಗೆ! ನಂತರ ಬಿಳಿ ವಸ್ತ್ರ. ಮಗು ಮನೆಯಿಂದಲೇ ಬಿಳಿ ಫ್ರಾಕಿನಲ್ಲಿ ಬಂದಿರುತ್ತದೆ, ಗುರುಗಳು "ಈ ಬಿಳಿ ವಸ್ತ್ರ ಧರಿಸಿಕೋ" ಅನ್ನುವಾಗ ತೊಡಿಸಲು ಏನೂ ಇಲ್ಲದೆ ಕರ್ಚೀಫಿನಷ್ಟಗಲದ ಬಟ್ಟೆ ಹೆಗಲಿಗೆ ಹಾಕಿ ಸುಧಾರಿಸುತ್ತಾರೆ. ಮಗುವಿನ ಮೇಣದಬತ್ತಿಯನ್ನು ಪಾಸ್ಕ, ಅಂದರೆ ಈಸ್ಟರಿನ, ದೊಡ್ಡ ಮೇಣದಬತ್ತಿಯಿಂದಲೇ ಹಚ್ಚಬೇಕು. ಆ ಸಂಜೆ ಮಗುವಿನ ವಿಶ್ವಾಸಕ್ಕೆ ಹೊಣೆ ನಿಂತ ಜ್ಞಾನತಂದೆ (ಗಾಡ್‌ಫಾದರ್) ಜೇಬಿನಿಂದ ಲೈಟರ್ ತೆಗೆದರು. ಸೆಪ್ಟೆಂಬರಿನಲ್ಲಿ ಬಾಂದ್ರಾದ ಮೌಂಟ್ ಮೇರಿ ಇಗರ್ಜಿಗೆ ಹರಕೆಯ ಮೇಣದ ಮನೆ, ಮೇಣದ ಮಗು ಹೊತ್ತು ಸಾಲಿನಲ್ಲಿ ನಿಲ್ಲುವವರು ನಾವೇ. ಈ ಒಂದು ಬತ್ತಿಗೆ ಹತ್ತು ಹೆಜ್ಜೆ ನಡೆಯಲು ಆಗುವುದಿಲ್ಲ.

ಜ್ಞಾನತಂದೆ ಅಂದಾಗ ನೆನಪಾಯಿತು. 16 ತುಂಬಿರಬೇಕು, ದೃಢೀಕರಣ (ದೀಕ್ಷಾಸ್ನಾನವನ್ನು ಗಟ್ಟಿಗೊಳಿಸುವ ಸಂಸ್ಕಾರ) ಆಗಿರಬೇಕು, ವಿಶ್ವಾಸಕ್ಕೆ ತಕ್ಕ ಬದುಕಿರಬೇಕು, ಹೆತ್ತ ಅಪ್ಪ ಅಮ್ಮ ಆಗಿರಬಾರದು. ದುಬೈಯಿಂದ ಚಿನ್ನದ ಸರ ತರುವವರೇ ಆಗಬೇಕೆಂದು ಎಲ್ಲೂ ಬರೆದಿಲ್ಲ.

"ಸಂತೋಷದ ದಿನ, ನಾಲ್ಕು ಫೋಟೋ ಬೇಡವೇ?" ಅನ್ನುತ್ತೀರಿ. ಬೇಕು. ಬಾಗಿಲಲ್ಲಿ ಬರಮಾಡಿಕೊಳ್ಳುವಾಗ ತೆಗೆಯಿರಿ, ಕೊನೆಗೆ ಪೀಠದ ಮುಂದೆ ತೆಗೆಯಿರಿ, ಬೇಡ ಅಂದವರು ಯಾರು? ನೀರು ಬೀಳುವ ಹತ್ತು ಸೆಕೆಂಡು ಮಾತ್ರ ಬಿಡಿ.

ಫೋಟೋ ಪ್ರೀತಿಗಿಂತ ನನಗೆ ಹೆಚ್ಚು ಸಿಟ್ಟು ತರಿಸುವುದು ಇನ್ನೊಂದಿದೆ. ಒಮ್ಮೆ ನೀರು ಬಿದ್ದರೆ ಆಯಿತು, ಬದುಕು ತಾನಾಗಿ ಬದಲಾಗುತ್ತದೆ ಎಂದುಕೊಂಡು ಕೂರುವುದು. ಹುಟ್ಟಿನಿಂದಲೇ ಬರುವ ಆದಿಪಾಪ ತೊಳೆದುಹೋಗುತ್ತದೆ, ಹೊಸ ಹುಟ್ಟು ಸಿಗುತ್ತದೆ, ನಿಜ. ಆದರೆ ಕೆಟ್ಟದ್ದರ ಕಡೆ ಎಳೆತ ಉಳಿದೇ ಇರುತ್ತದೆಂದು ಅದೇ ಸಭೆ ಕಲಿಸುತ್ತದೆ. ದೇವರ ಕರುಣೆ ಕೆಲಸ ಮಾಡಬೇಕಾದದ್ದು ಅಲ್ಲಿ. ಬೈಬಲಿನಲ್ಲಿ ತೀತನಿಗೆ ಬರೆದ ಪತ್ರ, 3:5 ನೋಡಿ: ನಾವು ಮಾಡಿದ ಒಳ್ಳೆಯ ಕೆಲಸಕ್ಕಲ್ಲ, ಆತನ ಕರುಣೆಯಿಂದ ಆದ ಸ್ನಾನ ಅದು. ಅಂದರೆ ಪುಕ್ಕಟೆ. ತೊಟ್ಟಿಲ ಕೂಸು ಏನು ಸಂಪಾದಿಸಿ ತಂದೀತು?

ಹಿಂದೆ ಪಾಸ್ಕ ರಾತ್ರಿ ಸ್ನಾನ ಪಡೆದವರು ಬಿಳಿ ವಸ್ತ್ರವನ್ನು ಎಂಟು ದಿನ ತೊಟ್ಟು, ಮುಂದಿನ ಭಾನುವಾರಕ್ಕೆ ಕಳಚಿಡುತ್ತಿದ್ದರು. ಅದೇ ಭಾನುವಾರವನ್ನು 2000ದ ಏಪ್ರಿಲ್ 30ರಂದು, ಯೇಸುವಿನ ಕರುಣೆಯ ದರ್ಶನ ಕಂಡ ಸನ್ಯಾಸಿನಿ ಫೌಸ್ತಿನಾರನ್ನು ಸಂತರ ಪಟ್ಟಕ್ಕೇರಿಸಿದ ದಿನ, ಪೋಪ್ ಎರಡನೇ ಜಾನ್ ಪೌಲರು ದೈವಕರುಣೆಯ ಭಾನುವಾರ ಎಂದು ಸಾರಿದರು. ಬಿಳಿ ವಸ್ತ್ರ ಕಳಚಿ ಎಂದಿನ ಬಟ್ಟೆಯಲ್ಲಿ ಸಂತೆಗೆ, ದುಡಿಮೆಗೆ ಹೊರಡುವ ದಿನವೇ ಕರುಣೆಯ ದಿನ! ನಮ್ಮ ಮನೆಗಳ ಗೋಡೆಯಲ್ಲಿರುವ ದೈವಕರುಣೆಯ ಯೇಸುವಿನ ಚಿತ್ರದಲ್ಲಿ ಎದೆಯಿಂದ ಹೊಮ್ಮುವ ಬಿಳಿ ಕಿರಣ ನೀರು, ಕೆಂಪು ರಕ್ತ. ಅಷ್ಟಾದರೂ ಗೊತ್ತಿರಬೇಕಲ್ಲ, ದಿನಾ ಮೂರು ಗಂಟೆಗೆ ಅದರ ಮುಂದೆ ಜಪಸರ ಹಿಡಿಯುವವರಿಗೆ.

ಒನ್ಸ್ ಮೋರ್ ಎಂದು ಎಷ್ಟು ಸಲ ಬೇಕಾದರೂ ಕೇಳುವ ಜಾಗ ಒಂದಿದೆ, ಗುರುಗಳ ಮುಂದೆ ತಪ್ಪೊಪ್ಪಿಕೊಂಡು ಕ್ಷಮೆ ಪಡೆಯುವ ಪಾಪನಿವೇದನೆಯ ಪೀಠ. ಮುಳುಗುವ ಹಡಗಿನಿಂದ ಬಿದ್ದವರಿಗೆ ದೀಕ್ಷಾಸ್ನಾನದ ನಂತರ ಸಿಗುವ ಎರಡನೇ ಹಲಗೆ ಅಂದರು ಅದನ್ನು ಹಳಬರು. ಅಲ್ಲಿ ಶನಿವಾರ ಸಂಜೆ ಗುರುಗಳು ಒಬ್ಬರೇ ಆಕಳಿಸುತ್ತಾ ಕೂತಿರುತ್ತಾರೆ. ಕೇಳಬೇಕಾದಲ್ಲಿ ಕೇಳುವುದಿಲ್ಲ, ಕೇಳಬಾರದಲ್ಲಿ ಬಾಯಿಬಿಡುತ್ತೇವೆ.

ಕ್ಷಮೆ ಪಡೆದ ಮೇಲೆ ಕೊಡುವ ಲೆಕ್ಕವೂ ಇದೆ. ಮತ್ತಾಯನ ಸುವಾರ್ತೆ 18ರಲ್ಲಿ ಯೇಸು ಹೇಳುವ ಕತೆಯ ಆಳಿಗೆ ರಾಜ ಮನ್ನಾ ಮಾಡಿದ ಸಾಲ ಹತ್ತು ಸಾವಿರ ತಲಾಂತು, ಅಂದರೆ ಆರು ಕೋಟಿ ದಿನದ ಕೂಲಿ. ಹೊರಗೆ ಬಂದು ಜೊತೆಗಾರನ ಕುತ್ತಿಗೆ ಹಿಸುಕಿದ್ದು ನೂರು ದಿನದ ಕೂಲಿಗೆ.

ಆ ಸಂಜೆಯ ಲೈಟರ್ ಜ್ಞಾನತಂದೆಯ ಕತೆ ಇನ್ನೂ ಇದೆ. ಸೈತಾನನನ್ನು, ಅವನ ಕೃತ್ಯಗಳನ್ನು, ಅವನ ಪೊಳ್ಳು ಆಡಂಬರವನ್ನು "ತ್ಯಜಿಸುತ್ತೇನೆ" ಎಂದು ಮೂರು ಸಲ ಗಟ್ಟಿಯಾಗಿ ಹೇಳಿದವರು. ಒಂದು ತಾಸಿನ ನಂತರ ಊಟದ ಹಾಲ್‌ನಲ್ಲಿ, ಬಿರಿಯಾನಿ ಬಡಿಸುವ ಮೊದಲು, ಮಗುವಿನ ಅಪ್ಪನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದ್ದು ಇಷ್ಟೇ: "ನನ್ನ ತಮ್ಮ ಕೂತ ಟೇಬಲ್ ಬೇಡ ಮಾರಾಯ, ಬೇರೆ ಕಡೆ ಹಾಕು."