ಕೊನೇ ಕಂಬದ ಮನೆ

ಊರಿಗೆ ಫೋನು ಮಾಡಿದರೆ ಅಪ್ಪ ಮೊದಲು ಹೇಳುವುದು ಮಳೆಯ ಲೆಕ್ಕ. ಇಷ್ಟು ಇಂಚು, ಇಷ್ಟು ಸೆಂಟು. ಆಮೇಲೆ ಕರಿಮೆಣಸಿನ ರೇಟು. ಮೂರನೆಯದು ಕರೆಂಟು. ಕಳೆದ ಫೆಬ್ರವರಿಯಲ್ಲಿ, ಕಾಫಿಗೆ ಹೂ ಮಳೆ ಬಾರದೆ ಎಲ್ಲರೂ ಸ್ಪ್ರಿಂಕ್ಲರ್ ಇಟ್ಟುಕೊಂಡು ಒದ್ದಾಡುವ ಹೊತ್ತಿನಲ್ಲಿ ಅವರು ಹೇಳಿದ್ದು ಇಷ್ಟೇ: "ಕರೆಂಟು ಉಂಟು ಮಾರಾಯ, ಆದ್ರೆ ಮೋಟರ್ ಎಳೀತಾ ಇಲ್ಲ."

ನಾಪೋಕ್ಲು ಕಡೆಯ ನಮ್ಮ ಮನೆ ಲೈನಿನ ಕೊನೇ ಕಂಬದ್ದು. (ಕೊಡಗಿನಲ್ಲಿ ಲೈನ್ ಎಂದರೆ ತೋಟದ ಆಳುಗಳ ಮನೆಸಾಲು ಎಂಬ ಅರ್ಥವೂ ಉಂಟು, ನಾನು ಹೇಳುತ್ತಿರುವುದು ತಂತಿಯದ್ದು.) ಟಿಸಿ, ಅಂದರೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್, ಇರುವುದು ದೂರದ ರಸ್ತೆ ಬದಿಯಲ್ಲಿ. ಅಲ್ಲಿಂದ ತಂತಿ ಗದ್ದೆ ದಾಟಿ, ಎರಡು ತೋಟ ಹತ್ತಿಳಿದು, ನಡುವೆ ಹತ್ತು ಹನ್ನೆರಡು ಮನೆಗೆ ಕೊಟ್ಟು, ಉಳಿದದ್ದನ್ನು ನಮಗೆ ತಲುಪಿಸುತ್ತದೆ. ದೂರ ಒಂದೂವರೆ ಕಿಲೋಮೀಟರಿಗೆ ತುಸು ಕಡಿಮೆ. ಉಳಿದದ್ದು ಎಂದು ತಮಾಷೆಗೆ ಅಂದದ್ದಲ್ಲ. ಸಂಜೆ ಏಳಕ್ಕೆ ನಮ್ಮ ಜಗಲಿಯ ಪ್ಲಗ್ಗಿಗೆ ಮಲ್ಟಿಮೀಟರ್ ಹಿಡಿದು 185 ವೋಲ್ಟ್ ನೋಡಿದವನು ನಾನು.

ಈಗ ಇರುವುದು ಅಮೆರಿಕದ ಒಹಾಯೊದಲ್ಲಿ. ಓದಿದ್ದು ಎಲೆಕ್ಟ್ರಿಕಲ್, ಜಾರಿದ್ದು ಸಾಫ್ಟ್‌ವೇರಿಗೆ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಮರದ ಕಂಬ, ಅದರ ಮೇಲೆ ಬೂದು ಬಣ್ಣದ ಒಂದು ಡಬ್ಬಿ, ಹಾಲಿನ ಕ್ಯಾನಿಗೆ ದೊಡ್ಡಣ್ಣನ ಹಾಗೆ. ಇಲ್ಲಿಯ ಟಿಸಿ ಅದೇ. ನಮ್ಮದೂ ಸೇರಿ ಆರು ಮನೆಗೆ ಅದೊಂದು. ಅದರಿಂದ ನನ್ನ ಮೀಟರಿಗೆ ಮೂವತ್ತು ಮೀಟರ್ ತಂತಿಯೂ ಇಲ್ಲ. ಬಂದ ಹೊಸದರಲ್ಲಿ ನನಗೆ ಇದು ದುಂದು ಅನಿಸಿತ್ತು. ಆರು ಮನೆಗೆ ಒಂದು ಟಿಸಿಯೇ? ನಮ್ಮಲ್ಲಿ ಅಷ್ಟರಲ್ಲಿ ಅರ್ಧ ಗ್ರಾಮ ಮುಗಿಯುತ್ತದಲ್ಲ! ಈಗ ಆ ಅಭಿಪ್ರಾಯ ಬದಲಾಗಿದೆ. ಕೊಡಗಿನಂಥ ಜಾಗಕ್ಕೆ ಈ ಡಬ್ಬಿಯ ರೀತಿಯೇ ಸರಿ ಎಂದು ನನ್ನ ವಾದ.

ಎರಡೂ ಕಡೆ ಟಿಸಿಯ ಕೆಲಸ ಒಂದೇ. ಕಬ್ಬಿಣದ ತಿರುಳಿಗೆ ಸುತ್ತಿದ ಎರಡು ಸುರುಳಿ. ಒಂದರ ತಂತಿ ಇನ್ನೊಂದಕ್ಕೆ ತಾಗುವುದೇ ಇಲ್ಲ. ಒಂದರಲ್ಲಿ ದಿಕ್ಕು ಬದಲಿಸುತ್ತ ಹರಿಯುವ ಕರೆಂಟು ತಿರುಳಿನ ಕಾಂತಬಲವನ್ನು ಏರಿಸಿ ಇಳಿಸುತ್ತದೆ, ಆ ಏರಿಳಿತ ಎರಡನೆಯದರಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ಎಷ್ಟು ಹುಟ್ಟುತ್ತದೆ ಎನ್ನುವುದು ಸುತ್ತುಗಳ ಲೆಕ್ಕ. ನಮ್ಮೂರ ಟಿಸಿಯ ತಗಡಿನ ಮೇಲೆ 11000/433 ಎಂದು ಬರೆದಿರುತ್ತದೆ. ವೋಲ್ಟೇಜ್ ಸುಮಾರು 25 ಪಟ್ಟು ಇಳಿಯಿತು. ಕರೆಂಟು ಅಷ್ಟೇ ಪಟ್ಟು ಏರಲೇಬೇಕು. 100 ಕೆವಿಎ ಸಾಮರ್ಥ್ಯದ ಟಿಸಿ ಪೂರ್ತಿ ಲೋಡಿನಲ್ಲಿದ್ದಾಗ ಮೇಲಿನ ಒಂದೊಂದು ತಂತಿಯಲ್ಲಿ ಬರುವುದು ಐದೂಕಾಲು ಆಂಪಿಯರ್, ಕೆಳಗೆ ಹೊರಡುವುದು 133. (ಹಾಗಾದರೆ ಸುತ್ತುಗಳೂ 25ಕ್ಕೆ ಒಂದೇ? ಅಲ್ಲ, 44ಕ್ಕೆ ಒಂದು. ಸುರುಳಿಗಳನ್ನು ಮೇಲಿನ ಬದಿ ಡೆಲ್ಟಾ ಎಂಬ ರೀತಿಯಲ್ಲಿ, ಕೆಳಗಿನ ಬದಿ ಸ್ಟಾರ್ ಎಂಬ ಬೇರೆ ರೀತಿಯಲ್ಲಿ ಜೋಡಿಸಿರುತ್ತಾರೆ, ಅದಕ್ಕೆ. ವೈವಾದಲ್ಲಿ ನನ್ನನ್ನು ಕೆಡವಿದ ಪ್ರಶ್ನೆ ಇದು, ಹಾಗಾಗಿ ಮರೆತಿಲ್ಲ.)

433 ಎನ್ನುವುದು ಎರಡು ಫೇಸುಗಳ, ಅಂದರೆ ಕರೆಂಟು ತರುವ ಮೂರು ತಂತಿಗಳಲ್ಲಿ ಎರಡರ, ನಡುವಿನದು. ಒಂದು ಫೇಸಿಗೂ ನ್ಯೂಟ್ರಲ್ಲಿಗೂ (ಕರೆಂಟು ಮರಳುವ ತಂತಿಗೂ) ನಡುವೆ 250. ಮನೆಗೆ ಬೇಕಾದದ್ದು 230. ಆ ಹೆಚ್ಚಿನ ಇಪ್ಪತ್ತು ವೋಲ್ಟ್ ದಾರಿಖರ್ಚಿಗೆ ಕೊಟ್ಟು ಕಳಿಸಿದ್ದು. ಊರು ಒತ್ತಾಗಿದ್ದರೆ ಅಷ್ಟು ಸಾಕು. ಮಂಡ್ಯದ ಕಡೆಯ ಹಳ್ಳಿಯಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ, ನಡುವೆ ಒಂದು ಟಿಸಿ ನಿಲ್ಲಿಸಿದರೆ ನೂರು ಮನೆಯೂ ಕೂಗಳತೆಯಲ್ಲಿ ಬಂದವು. ಕೊಡಗಿನಲ್ಲಿ ಹಳ್ಳಿ ಎಂದರೆ ಹೆಸರು ಮಾತ್ರ. ಒಬ್ಬೊಬ್ಬರ ಮನೆ ಅವರವರ ತೋಟದ ನಡುವೆ, ಗದ್ದೆಯ ಅಂಚಿಗೆ. ದಾರಿಖರ್ಚು ಅರ್ಧ ದಾರಿಯಲ್ಲೇ ತೀರುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಎಲ್‌ಟಿ (ಕಡಿಮೆ ವೋಲ್ಟೇಜಿನ) ಲೈನಿಗೆ ಎಳೆಯುವ ಅಲ್ಯೂಮಿನಿಯಂ ತಂತಿಗಳಿಗೆ ಪ್ರಾಣಿಗಳ ಹೆಸರು: ಸ್ಕ್ವಿರಲ್, ವೀಸಲ್, ರ್‍ಯಾಬಿಟ್. ವೀಸಲ್ ತಂತಿಯ ಅಡ್ಡಿ ಕಿಲೋಮೀಟರಿಗೆ 0.9 ಓಮ್‌ಗಿಂತ ಸ್ವಲ್ಪ ಹೆಚ್ಚು. ಹೋಗುವುದು ಬರುವುದು ಎರಡೂ ಸೇರಿ ಸುಮಾರು 1.86. ಒಂದು ಕಿಲೋಮೀಟರ್ ಆಚೆ ಮೂರು ನಾಲ್ಕು ಮನೆ ಸೇರಿ ಒಂದೇ ಫೇಸಿನಲ್ಲಿ 20 ಆಂಪಿಯರ್ ಎಳೆದರೆ ದಾರಿಯಲ್ಲಿ ಬಿದ್ದುಹೋಗುವುದು 37 ವೋಲ್ಟ್. ತಂತಿ ಬಿಸಿಯಾಗುವುದಕ್ಕೆ ಹೋಗುವುದು ಸುಮಾರು 740 ವ್ಯಾಟ್. ಅಷ್ಟೇ ವಿದ್ಯುತ್ತನ್ನು, ಅಂದರೆ 4,600 ವ್ಯಾಟನ್ನು, ಅದೇ ತಂತಿಯಲ್ಲಿ 11 ಸಾವಿರ ವೋಲ್ಟಿನಲ್ಲಿ ಕಳಿಸಿದರೆ ಕರೆಂಟು ಅರ್ಧ ಆಂಪಿಯರ್ ಕೂಡ ಇಲ್ಲ. ನಷ್ಟ ಒಂದು ವ್ಯಾಟಿನ ಮೂರನೇ ಒಂದು ಪಾಲು! ನಷ್ಟವು ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ ಈ ಎರಡು ಸಾವಿರ ಪಟ್ಟಿನ ವ್ಯತ್ಯಾಸ.

ಮೋಟರಿನ ಕಥೆ ಇನ್ನೂ ಕೆಟ್ಟದ್ದು. ವೋಲ್ಟೇಜ್ ಶೇ. 20 ಇಳಿದರೆ ಅದರ ತಿರುಗಿಸುವ ಬಲ ಶೇ. 36 ಇಳಿಯುತ್ತದೆ, ಅಲ್ಲೂ ವರ್ಗದ ಲೆಕ್ಕವೇ. ನೀರೆತ್ತಲು ಬಲ ಸಾಲದೆ ಅದು ಇನ್ನೂ ಹೆಚ್ಚು ಕರೆಂಟು ಎಳೆಯುತ್ತದೆ, ಎಳೆದಷ್ಟೂ ಲೈನಿನಲ್ಲಿ ವೋಲ್ಟೇಜ್ ಬೀಳುತ್ತದೆ, ಕೊನೆಗೆ ಕಾಯಿಲ್ ಸುಟ್ಟ ವಾಸನೆ. ಗೋಣಿಕೊಪ್ಪಲಿಗೋ ಮಡಿಕೇರಿಗೋ ರೀವೈಂಡಿಂಗಿಗೆ ಜೀಪು ಹತ್ತಿಸಿದ ಮೋಟರುಗಳ ಲೆಕ್ಕ ಅಪ್ಪನ ಡೈರಿಯಲ್ಲಿ ಮಳೆ ಲೆಕ್ಕದ ಪಕ್ಕದಲ್ಲೇ ಇದೆ. ಇನ್ನು ಮನೆಮನೆಯ ಸ್ಟೆಬಿಲೈಜರ್. ಅದೂ ಒಂದು ಪುಟ್ಟ ಟಿಸಿಯೇ. 185ನ್ನು 230 ಮಾಡಿ ತೋರಿಸುತ್ತದೆ, ಆದರೆ ಅದಕ್ಕಾಗಿ ಲೈನಿನಿಂದ ಹೆಚ್ಚು ಆಂಪಿಯರ್ ಎಳೆಯುತ್ತದೆ. ನಮ್ಮ ಫ್ರಿಜ್ ಬದುಕಿತು ಎಂದರೆ ಹಿಂದಿನ ಕಂಬದ ಚಿಕ್ಕಪ್ಪನ ಮನೆಯ ಬಲ್ಬು ಇನ್ನಷ್ಟು ಕೆಂಪಾಯಿತು ಎಂದರ್ಥ. ಅವರೂ ಸ್ಟೆಬಿಲೈಜರ್ ತಂದರು. ಮುಂದಿನದು ಊಹಿಸಿಕೊಳ್ಳಿ.

ಇದು ಹೊಸ ಸಮಸ್ಯೆಯಲ್ಲ. 1882ರಲ್ಲಿ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ವಿದ್ಯುತ್ ಮಾರಲು ತೊಡಗಿದಾಗ ಅದು 110 ವೋಲ್ಟಿನ, ಒಂದೇ ದಿಕ್ಕಿಗೆ ಹರಿಯುವ ಡಿಸಿ. ಒಂದು ಮೈಲಿಗಿಂತ ಆಚೆಗೆ ಅದು ಏಗುತ್ತಿರಲಿಲ್ಲ. ಡಿಸಿಯನ್ನು ಟಿಸಿಯಲ್ಲಿ ಏರಿಸಿ ಇಳಿಸಲು ಬರುವುದಿಲ್ಲ, ಏರಿಳಿತ ಇಲ್ಲದ ಕಾಂತಬಲ ಏನನ್ನೂ ಹುಟ್ಟಿಸದು. 1886ರಲ್ಲಿ ವಿಲಿಯಂ ಸ್ಟಾನ್ಲಿ ಗ್ರೇಟ್ ಬ್ಯಾರಿಂಗ್ಟನ್ ಎಂಬ ಊರಿನಲ್ಲಿ ಟ್ರಾನ್ಸ್‌ಫಾರ್ಮರ್ ಇಟ್ಟು, ದಿಕ್ಕು ಬದಲಿಸುವ ಎಸಿ ಕರೆಂಟು ಹಂಚಿ ತೋರಿಸಿದ ಮೇಲೆ ದಾರಿ ತೆರೆಯಿತು. ಮೈಸೂರು ಸಂಸ್ಥಾನ ಹಿಂದೆ ಬೀಳಲಿಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 147 ಕಿಲೋಮೀಟರ್ ಲೈನು ಎಳೆದರು. ತಲಕಾವೇರಿಯಲ್ಲಿ ಹುಟ್ಟಿದ ನೀರು ಅಷ್ಟು ದೂರ ದೀಪ ಹಚ್ಚಿ ನೂರಿಪ್ಪತ್ತು ವರ್ಷ ಕಳೆದವು. ಆ ಹೊಳೆಯ ತವರಿನ ಕೊನೇ ಕಂಬದಲ್ಲಿ ನಾವು ಇನ್ನೂ ಎಡಿಸನ್ನನ ಮೈಲಿ ಅಳೆಯುತ್ತಿದ್ದೇವೆ.

ಅಮೆರಿಕದವರು ಜಾಣತನದಿಂದ ಮಾತ್ರ ಈ ರೀತಿಗೆ ಬಂದದ್ದಲ್ಲ. ಮನೆಗೆ 120 ವೋಲ್ಟ್ ಎಂಬ ಹಳೇ ಪದ್ಧತಿ ಅವರ ಕೊರಳಿಗೆ ಬಿದ್ದಿತ್ತು, ಅದು ದೂರ ಹೋಗುವುದೇ ಇಲ್ಲ. ಹಾಗಾಗಿ ಟಿಸಿಯನ್ನೇ ಹಿತ್ತಲಿಗೆ ತರಬೇಕಾಯಿತು. ಸಾಮಾನ್ಯವಾಗಿ ಒಂದೇ ಫೇಸಿನ 7,200 ವೋಲ್ಟ್ ಬೀದಿಯಲ್ಲಿ ಓಡುತ್ತದೆ. ಡಬ್ಬಿ ಅದನ್ನು 240ಕ್ಕೆ ಇಳಿಸುತ್ತದೆ, ಸುರುಳಿಯ ನಡುವಿನಿಂದ ನ್ಯೂಟ್ರಲ್ ತೆಗೆದು ಎರಡು 120 ಮಾಡುತ್ತದೆ. 1935ರಲ್ಲಿ ಹಳ್ಳಿ ವಿದ್ಯುದೀಕರಣಕ್ಕೆಂದೇ ಸರ್ಕಾರ ಸಂಸ್ಥೆ ಕಟ್ಟಿದಾಗ ಒಂಟಿ ಹೊಲದ ಮನೆಗಳಿಗೂ ಹೀಗೇ ಎಳೆದರು. ಅನಿವಾರ್ಯಕ್ಕೆ ಹುಟ್ಟಿದ್ದು ಒಂಟಿ ಮನೆಗೆ ಹೇಳಿ ಮಾಡಿಸಿದಂತಾಯಿತು.

ಕುಂದುಗಳೂ ಇವೆ. ಒಂದೇ ಫೇಸು ಬಂದಲ್ಲಿ ಮೂರು ಫೇಸಿನ ಮೋಟರ್ ನೇರ ಓಡದು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಪಲ್ಪರಿಗೆ, ಹತ್ತು ಎಚ್‌ಪಿ ಪಂಪಿಗೆ ಅದು ಒಗ್ಗುವುದಿಲ್ಲ. ಡಬ್ಬಿ ಹೆಚ್ಚಿದಷ್ಟೂ ಅಷ್ಟು ತಿರುಳುಗಳು ಯಾರೂ ದೀಪ ಹಾಕದಿದ್ದರೂ ಇಪ್ಪತ್ನಾಲ್ಕು ಗಂಟೆ ಒಂದಿಷ್ಟು ವಿದ್ಯುತ್ ತಿನ್ನುತ್ತಲೇ ಇರುತ್ತವೆ. ಇಲ್ಲಿ ಅಳಿಲು ಡಬ್ಬಿಯ ಮೇಲೆ ಹತ್ತಿ ಆರು ಮನೆ ಕತ್ತಲು ಮಾಡುವುದು ಸಾಮಾನ್ಯ. ನಮ್ಮಲ್ಲಿ ತಂತಿಯ ಹೆಸರು ಅಳಿಲು, ಇಲ್ಲಿ ತಂತಿಯ ವೈರಿ. ಆದರೆ ಕತ್ತಲಾಗುವುದು ಆರೇ ಮನೆ. ನಮ್ಮಲ್ಲಿ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಟಿಸಿಯೊಳಗೆ ತೇವ ಹೊಕ್ಕು ಎಣ್ಣೆ ಕೆಟ್ಟರೆ, ಅಥವಾ ಫ್ಯೂಸ್ ಪದೇ ಪದೇ ಹೋಗುತ್ತದೆಂದು ಯಾರೋ ದಪ್ಪ ತಂತಿ ಕಟ್ಟಿದ್ದರಿಂದ ಅದು ಸುಟ್ಟರೆ, ಒಂದು ಕಣಿವೆಯೇ ವಾರಗಟ್ಟಲೆ ಸೀಮೆಎಣ್ಣೆಯ ಕಾಲಕ್ಕೆ ಹೋಗುತ್ತದೆ. ನಾನು ಪಿಯುಸಿಯಲ್ಲಿದ್ದಾಗ ಸಿಲ್ವರ್ ಓಕ್ ಮರ ಬಿದ್ದು ನ್ಯೂಟ್ರಲ್ ಮಾತ್ರ ಕಡಿದಿತ್ತು. ಆ ಸಂಜೆ ಸದಾ ಡಿಮ್ ಇರುವ ನಮ್ಮ ಬಲ್ಬುಗಳು ಜೀವಮಾನದಲ್ಲೇ ಮೊದಲ ಸಲ ಹಾಲು ಬಿಳುಪಾಗಿ ಬೆಳಗಿದವು. ಅಮ್ಮ ಖುಷಿಪಟ್ಟದ್ದು ಹತ್ತು ಸೆಕೆಂಡು. ನ್ಯೂಟ್ರಲ್ ಇಲ್ಲದೆ 230ಕ್ಕಿಂತ ಹೆಚ್ಚು ವೋಲ್ಟ್ ನುಗ್ಗಿತ್ತು, ಟಿವಿ ಹೋಯಿತು.

ಹಾಗಾದರೆ ಏನು ಮಾಡಬೇಕು? ಅಮೆರಿಕದ ಡಬ್ಬಿಯನ್ನೇ ತರಬೇಕಿಲ್ಲ. ಮೂರು ಫೇಸಿನ ಸಣ್ಣ ಟಿಸಿಗಳು, 25 ಕೆವಿಎಯವು, ನಮ್ಮಲ್ಲೇ ಉಂಟು. ಆಂಧ್ರದಲ್ಲಿ ಎರಡು ಮೂರು ಪಂಪ್‌ಸೆಟ್ಟಿಗೆ ಒಂದರಂತೆ ಸಣ್ಣ ಟಿಸಿ ಕೂರಿಸುವ ಪದ್ಧತಿಯನ್ನು ಎಷ್ಟೋ ವರ್ಷದ ಹಿಂದೆಯೇ ಹಿಡಿದರು. ದೂರ ಓಡುವ ಕೆಲಸವನ್ನು 11 ಸಾವಿರಕ್ಕೆ ಬಿಟ್ಟು, ನಾಲ್ಕು ಮನೆಗೊಂದು ಕಡೆ ಇಳಿಸಿದರೆ ಆಯಿತು. ಆದರೆ ಬರಿಯ ತಂತಿಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಮೆಣಸು ಕೊಯ್ಯಲು ಅಲ್ಯೂಮಿನಿಯಂ ಏಣಿ ಹೊತ್ತು ತೋಟದಲ್ಲಿ ಓಡಾಡುವವರ ತಲೆಯ ಮೇಲೆ 11 ಸಾವಿರ ಎಳೆಯುತ್ತಿದ್ದೇವೆ. ಈಗಿರುವ ಲೈನುಗಳಿಗೇ ಏಣಿ ತಾಗಿ ಜೀವ ಹೋಗಿದೆ. ಆನೆ ಬೈನೆ ಮರ ತಳ್ಳಿ ತಂತಿ ಮೈಮೇಲೆ ಕೆಡವಿಕೊಳ್ಳುವುದೂ ಉಂಟು. ಹೊದಿಕೆಯ ಕೇಬಲ್ ದುಬಾರಿ, ಗೊತ್ತು. ಆ ದುಡ್ಡು ಹಾಕದೆ ಈ ಕೆಲಸಕ್ಕೆ ಕೈ ಹಾಕಬಾರದು.

ರಾತ್ರಿ ಇಲ್ಲಿ ಕಿಟಕಿ ತೆರೆದರೆ ಡಬ್ಬಿಯ ಗುಂಯ್ ಸದ್ದು ಸಣ್ಣಗೆ ಕೇಳುತ್ತದೆ. ಕಾಂತಬಲಕ್ಕೆ ತಿರುಳು ಹಿಗ್ಗಿ ಕುಗ್ಗುವ ಸದ್ದು ಅದು. ಇಲ್ಲಿ ಸೆಕೆಂಡಿಗೆ 120 ಸಲ, ಊರಿನಲ್ಲಿ 100. ಊರಿನ ಟಿಸಿ ಷಡ್ಜ ಹಿಡಿದರೆ ಇದು ಸರಿಯಾಗಿ ಸಾಧಾರಣ ಗಾಂಧಾರ. ಸಂಗೀತ ಕಲಿತ ಹೆಂಡತಿ ಇದನ್ನು ಒಪ್ಪಿದ್ದಾಳೆ, ನನ್ನ ಉಳಿದ ಸಿದ್ಧಾಂತಗಳನ್ನಲ್ಲ.

ಮೇ ತಿಂಗಳಲ್ಲಿ ಊರಿಗೆ ಹೋದಾಗ ಕಾಗದದ ಮೇಲೆ ನಕ್ಷೆ ಬರೆದು, ನಮ್ಮ ನಾಲ್ಕು ಮನೆಗೆ ಒಂದು ಟಿಸಿ ಕೇಳಿ ಅರ್ಜಿ ಹಾಕೋಣ ಎಂದು ಚಿಕ್ಕಪ್ಪನ ಮುಂದಿಟ್ಟೆ. ಲೈನು ಅವರ ತೋಟದ ಮೇಲಿನ ಅಂಚಿನಲ್ಲಿ ಹಾದು ಬರಬೇಕು, ಎಂಟು ಕಂಬ, ಹತ್ತು ಹದಿನೈದು ಮರ. ಅವರು ಕನ್ನಡಕ ಹಾಕಿಕೊಂಡು ಕಾಗದವನ್ನು ತುಂಬ ಹೊತ್ತು ನೋಡಿದರು. 37 ವೋಲ್ಟಿನ ಲೆಕ್ಕ ಚೆನ್ನಾಗಿದೆ ಎಂದರು. ಕಾಫಿ ತರಿಸಿದರು. "ಟಿಸಿ ಬರಲಿ ಮಗ, ಬೇಡ ಅನ್ನೋದಿಲ್ಲ. ಆದ್ರೆ ಈ ಮರಗಳಲ್ಲಿ ಮೆಣಸು ಹಬ್ಬಿಸಿ ಒಂಬತ್ತು ವರ್ಷ ಆಯ್ತು. ಲೈನು ನಿಮ್ಮ ಅಪ್ಪನ ತೋಟದ ಕಡೆಯಿಂದ ಯಾಕೆ ಬರಬಾರ್ದು?"

ಅಪ್ಪನನ್ನು ಇನ್ನೂ ಕೇಳಿಲ್ಲ.