ಕೂಸು ಎಲ್ಲೈತಿ?

ಇವತ್ತು ಬೆಳಗ್ಗೆ ಮುಕ್ಕಾಲು ಗಂಟೆಯಲ್ಲಿ ಏಳು ಜನ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಎಣಿಸಿದ್ದೇನೆ. ಓಡುವಾಗ ಸುತ್ತು ಎಣಿಸೋದು ನನ್ನ ಹಳೆ ಚಟ. ಇವತ್ತು ಅದರ ಜೊತೆಗೆ ಪ್ರಶ್ನೆಯನ್ನೂ ಎಣಿಸಿದೆ. ಸುತ್ತು ಆರು. ಪ್ರಶ್ನೆ ಏಳು.

"ಕೂಸು ಎಲ್ಲೈತಿ?"

ಜಿಲ್ಲಾ ಕ್ರೀಡಾಂಗಣದ ಗೇಟಿನಲ್ಲೇ ಶುರು. ವಾಚ್‌ಮನ್ ಅಣ್ಣ ಕುರ್ಚಿಯಿಂದ ಎದ್ದು ಬಂದ. "ಏನ್ರೀ ಟೀಚರ್, ಕೂಸು ಎಲ್ಲೈತ್ರಿ?" ಮನೇಲಿ ಮಲಗಿದೆ ಎಂದೆ. ನಗುತ್ತಲೇ ಹೇಳಿದೆ, ಒಂದನೆಯದಲ್ವಾ.

ಆಮೇಲೆ ಸೀರೆಯ ಮೇಲೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ವಾಕಿಂಗ್ ಬರುವ ಮೂವರು ಅಕ್ಕಂದಿರು. ನಿಮಗೆಲ್ಲ ಗೊತ್ತು ಅವರು, ನನ್ನ ಹಳೆಯ ಫೋಟೋಗಳ ಹಿಂದೆ ಯಾವಾಗಲೂ ಇರುತ್ತಾರೆ. ಮೂವರೂ ಬೇರೆ ಬೇರೆ ಕೇಳಿದರು. ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಕೇಳಿಸಿಕೊಂಡಿದ್ದರೂ ಕೇಳಿದರು. "ಯವ್ವಾ, ಹಸಿ ಬಾಣಂತಿ, ಥಂಡಿ ಗಾಳಿಗೆ ಹಿಂಗ ಬರಬಾರದು. ಕೂಸಿನ್ನ ಯಾರ ಕೈಯಾಗ ಬಿಟ್ಟಿ?" ಕೊಪ್ಪಳದ ಏಪ್ರಿಲ್‌ನಲ್ಲಿ ಥಂಡಿ ಗಾಳಿ! ಬೆಳಗಿನ ಐದೂವರೆಗೇ ಬೆನ್ನಲ್ಲಿ ಬೆವರು ಇಳೀತಿತ್ತು. ಅಷ್ಟಕ್ಕೂ ಮಗಳಿಗೆ ಐದು ತಿಂಗಳು ತುಂಬಿದೆ. ಇನ್ನೂ ಎಷ್ಟು ದಿನ ನಾನು ಹಸಿ?

ಐದನೆಯವರು ನಮ್ಮ ರಿಟೈರ್ಡ್ ಪಿ.ಟಿ. ಮೇಷ್ಟ್ರು. ಆರನೆಯವ ಚಹಾದಂಗಡಿಯವ, ನಾನು ಚಹಾ ಕುಡಿಯದಿದ್ದರೂ ರಸ್ತೆಯ ಆ ಕಡೆಯಿಂದಲೇ ಕೂಗಿ ಕೇಳಿದ. ಅಲ್ಲಿವರೆಗೂ ನನಗೆ ಬರೀ ಕಿರಿಕಿರಿ. ಈ ಬರಹ ಬರೆಯುವಷ್ಟು ಸಿಟ್ಟು ಬಂದಿದ್ದು ಏಳನೆಯವರಿಂದ.

ಏಳನೆಯವರು ನಮ್ಮ ಓಣಿಯವರೇ. ಹೆಸರು ಬೇಡ, ಒಳ್ಳೆಯ ಮನುಷ್ಯ. ಅವರ ಮನೆಯಲ್ಲೂ ಕೂಸು ಇದೆ, ನನ್ನ ಮಗಳಿಗಿಂತ ಹನ್ನೆರಡು ದಿನ ಚಿಕ್ಕದು. ಅವರೂ ಈಗ ತಿಂಗಳಿಂದ ಓಡೋಕೆ ಬರುತ್ತಿದ್ದಾರಂತೆ. ನಾನು ಸ್ವಲ್ಪ ಓಡಿ ಸ್ವಲ್ಪ ನಡೆಯುವವಳು. ನಡೆಯುವ ಸರದಿಯಲ್ಲಿದ್ದಾಗ ಅವರು ಪಕ್ಕದಲ್ಲಿ ಬಂದರು. ಎದುರಿಗೆ ಸಿಕ್ಕ ಅದೇ ಮೂವರು ಅಕ್ಕಂದಿರು ಅವರಿಗೆ ಏನೆಂದರು ಗೊತ್ತಾ? "ಭಾರಿ ಸಣ್ಣ ಆಗೀರಿ ಬಿಡ್ರಿ! ಹಿಂಗ ದಿನಾ ಬರ್ರಿ." ಅಷ್ಟೇ. ಮುಗಿಯಿತು. ಅವರ ಕೂಸು ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಮೇಲೆ ಆ ಪುಣ್ಯಾತ್ಮರೂ ನನ್ನ ಕಡೆ ತಿರುಗಿ, "ಪಾಪು ಮನ್ಯಾಗ ಐತೇನ್ರೀ ಮೇಡಂ?" ಎಂದರು.

"ನಿಮ್ದು?" ಎಂದೆ.

"ನಮ್ದಾ?" ಅವರಿಗೆ ನಿಜವಾಗಲೂ ಪ್ರಶ್ನೆ ತಿಳಿಯಲಿಲ್ಲ. "ನಮ್ದು ಮನ್ಯಾಗೈತ್ರಿ. ಅವರ ಅವ್ವ ಅದಾಳಲ್ರಿ."

"ನಮ್ದಕ್ಕೂ ಅಪ್ಪ ಅದಾರ್ರಿ" ಎಂದು ಓಡಿದೆ. ನಡೆಯುವ ಸರದಿ ಇನ್ನೂ ಒಂದು ನಿಮಿಷ ಬಾಕಿ ಇತ್ತು. ಸಿಟ್ಟಿಗೆ ಓಡಿದೆ. ಅದರ ಫಲ ಈಗ ಸೊಂಟದಲ್ಲಿದೆ.

ಈ ಓಟದ ಹಿಂದೆ ಎಷ್ಟು ಲೆಕ್ಕಾಚಾರ ಇದೆ ಅಂತ ಕೇಳಿದವರಿಗೆ ಗೊತ್ತಿದ್ದರೆ ಸಾಕಿತ್ತು. ನಮ್ಮ ಯಜಮಾನರದು ಗಿಣಿಗೇರಿ ಕಡೆಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಎ ಶಿಫ್ಟ್ ಇದ್ದರೆ ಬೆಳಗ್ಗೆ ಐದಕ್ಕೇ ಮನೆ ಬಿಡುತ್ತಾರೆ. ಸಿ ಶಿಫ್ಟ್ ಇದ್ದರೆ ರಾತ್ರಿಯೆಲ್ಲ ದುಡಿದು ಏಳಕ್ಕೆ ಬರುತ್ತಾರೆ, ಅಷ್ಟರಲ್ಲಿ ನಮ್ಮೂರ ಸೂರ್ಯ ತಲೆ ಮೇಲೆ ಕೂತಿರುತ್ತಾನೆ. ಉಳಿದಿದ್ದು ಬಿ ಶಿಫ್ಟ್. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು. ಅಂದರೆ ಮೂರು ವಾರಕ್ಕೆ ಒಂದು ವಾರ ಮಾತ್ರ ಬೆಳಗ್ಗೆ ಒಂದು ಗಂಟೆ ನನ್ನದು. ಆ ಒಂದು ಗಂಟೆಗಾಗಿ ನಾಲ್ಕೂವರೆಗೆ ಎದ್ದು, ಮಗಳಿಗೆ ಹಾಲು ಕುಡಿಸಿ, ತೇಗಿಸಿ, ಬಟ್ಟೆ ಬದಲಿಸಿ, ಎರಡು ಬಿಗಿ ಬ್ರಾ ಒಂದರ ಮೇಲೊಂದು ಹಾಕಿಕೊಂಡು, ಶೂ ಕೈಯಲ್ಲಿ ಹಿಡಿದು ಕಳ್ಳಿಯ ಹಾಗೆ ಬಾಗಿಲು ದಾಟುತ್ತೇನೆ. ಹಾಲು ಕುಡಿಸದೆ ಹೊರಟರೆ ಎದೆ ಕಲ್ಲು. ಒಂದು ಸಲ ಹೋಗಿ ನೋಡಿದ್ದೇನೆ, ಎರಡನೇ ಸುತ್ತಿಗೆ ಟೀಶರ್ಟ್ ಒದ್ದೆ.

ಇಷ್ಟು ಮಾಡಿ ಗೇಟಿಗೆ ಬಂದರೆ, ಕೂಸು ಎಲ್ಲೈತಿ!

ಎಲ್ಲಿ ಬಿಟ್ಟಿರುತ್ತೇನೆ ಅಂದುಕೊಂಡಿದ್ದಾರೆ? ಬಸ್ ಸ್ಟ್ಯಾಂಡಿನಲ್ಲಾ? ಕಿನ್ನಾಳದ ಗೊಂಬೆಗಳ ಸಾಲಿನಲ್ಲಿ ನಿಲ್ಲಿಸಿ ಬಂದಿದ್ದೇನಾ?

ನಮ್ಮ ಯಜಮಾನರ ಕಥೆಯೂ ಕೇಳಿ. ಮೊನ್ನೆ ಮಗಳನ್ನು ಹೆಗಲಿಗೆ ಹಾಕಿಕೊಂಡು ಓಣಿ ತುದಿಯ ಅಂಗಡಿಗೆ ಹೋಗಿದ್ದರು. ಅಲ್ಲಿ ಅವರಿಗೆ ಕೇಳಿದ್ದು, "ಇದರ ಅವ್ವ ಎಲ್ಲ್ಯದಾಳ?" ಕೂಸಿನ ಜೊತೆ ನಾನಿಲ್ಲದಿದ್ದರೂ ತಪ್ಪು, ನನ್ನ ಜೊತೆ ಕೂಸಿಲ್ಲದಿದ್ದರೂ ತಪ್ಪು. ಇವರು ನಗುತ್ತಾ ಬಂದು ಹೇಳಿದರು. ನನಗೆ ನಗು ಬರಲಿಲ್ಲ.

"ಪ್ರೀತಿಯಿಂದ ಕೇಳ್ತಾರೆ ಬಿಡೇ, ನಮ್ಮ ಕಡೆ ಮಂದಿ ಹಾಗೇ" ಎಂದು ನೀವು ಹೇಳುವ ಮೊದಲೇ ನಾನು ಹೇಳಿಬಿಡುತ್ತೇನೆ. ಹೌದು, ಪ್ರೀತಿ ಇದೆ. ಬಾಣಂತಿಯನ್ನು ಕಾಪಾಡುವುದು ನಮ್ಮ ಕಡೆಯವರಿಗೆ ಗೊತ್ತು. ಕುಷ್ಟಗಿಯಲ್ಲಿ ನಮ್ಮವ್ವ ಮೂರು ತಿಂಗಳು ನನಗೆ ಅಂಟಿನ ಉಂಡೆ, ಸಬ್ಬಸಿಗೆ ಪಲ್ಯ ತಿನ್ನಿಸಿ, ಬಿಸಿನೀರು ಎರೆದು, ಕಿವಿಗೆ ಅರಳಿ (ಹತ್ತಿ) ಇಟ್ಟು, ತಲೆಗೆ ಬಟ್ಟೆ ಕಟ್ಟಿ ಕೂರಿಸಿದ್ದಳು. ಆ ಅಂಟಿನ ಉಂಡೆ ಇಲ್ಲದಿದ್ದರೆ ಇವತ್ತು ಆರು ಸುತ್ತು ಎಲ್ಲಿಂದ ಬರಬೇಕಿತ್ತು. ಆದರೆ ಪ್ರೀತಿಗೂ ಒಂದು ದಾರಿ ಬೇಕಲ್ಲ. ಏಳನೆಯವರ ಕೂಸಿನ ಮೇಲೆ ಈ ಮಂದಿಗೆ ಪ್ರೀತಿ ಇಲ್ವಾ? ಅದೂ ಕೂಸೇ ಅಲ್ವಾ? ಅದು ಎಲ್ಲಿದೆ ಎಂದು ಯಾಕೆ ಕೇಳಲಿಲ್ಲ? ಹಾಗಾಗಿ ಪ್ರೀತಿ ಅನ್ನೋ ಮಾತು ನನ್ನ ಹತ್ತಿರ ನಡೆಯಲ್ಲ.

ಇನ್ನೊಂದು ಬಗೆಯ ಪ್ರೀತಿಯೂ ಇದೆ. ಓಡಿದರೆ ಹಾಲು ಹುಳಿ ಆಗುತ್ತದೆ, ಹಾಲು ಬತ್ತುತ್ತದೆ ಎನ್ನುವುದು. ಹುಳಿ ಆಗೋಕೆ ನಾನೇನು ಮೊಸರಿನ ಗಡಿಗೇನಾ? ಇನ್ನು ಸ್ವಲ್ಪ ಜೋರಾಗಿ ಓಡಿದರೆ ಬೆಣ್ಣೆಯೂ ಬರುತ್ತೇನೋ. ಡಾಕ್ಟರ್ ಹತ್ತಿರ ಕೇಳಿಯೇ ಬಂದಿದ್ದೇನೆ. ಹದವಾಗಿ ಓಡಿದರೆ ಹಾಲಿಗೆ ಏನೂ ಆಗಲ್ಲ, ಚೆನ್ನಾಗಿ ಉಣ್ಣಬೇಕು, ನೀರು ಕುಡಿಯಬೇಕು, ಅಷ್ಟೇ. ಹಾಲು ಕುಡಿಸುವ ತಾಯಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ಬೇಕು. ಅದರ ಮೇಲೆ ಓಟದ್ದು ಬೇರೆ. ನಾನು ಈಗ ಎರಡು ರೊಟ್ಟಿ ಜಾಸ್ತಿ ತಿನ್ನುತ್ತೇನೆ. ಅದಕ್ಕೂ ಒಬ್ಬರು, "ಓಡೋದು ಸಣ್ಣ ಆಗಾಕಲ್ಲೇನು?" ಎಂದರು. ಅಲ್ಲ. ಹುಚ್ಚು ಹಿಡಿಯದೆ ಇರೋದಕ್ಕೆ.

ಹಾಗಂತ ನಾನು ದುಡುಕಿಲ್ಲ. ಸಿಸೇರಿಯನ್ ಆದವಳು ನಾನು, ಹೊಲಿಗೆ ಹಾಕಿಸಿಕೊಂಡ ಹೊಟ್ಟೆ. ಹೆರಿಗೆ ಆದ ಮೇಲೆ ಓಡೋಕೆ ಕನಿಷ್ಠ ಮೂರು ತಿಂಗಳು ಕಾಯಬೇಕು ಎಂದು ಬ್ರಿಟನ್ನಿನ ಮೂವರು ಫಿಸಿಯೋಥೆರಪಿಸ್ಟ್‌ಗಳು 2019ರಲ್ಲಿ ಒಂದು ಮಾರ್ಗಸೂಚಿ ಬರೆದಿದ್ದಾರೆ. ಮೂರು ತಿಂಗಳು ಆದ ತಕ್ಷಣ ಓಡಿ ಅಂತಲೂ ಅಲ್ಲ. ಅರ್ಧ ಗಂಟೆ ನಡೆದರೆ ನೋವು ಬರಬಾರದು. ಒಂದು ಕಾಲಿನ ಮೇಲೆ ಹತ್ತು ಸೆಕೆಂಡ್ ನಿಲ್ಲಬೇಕು. ನಿಂತಲ್ಲೇ ಒಂದು ನಿಮಿಷ ಓಡಬೇಕು. ಒಂದೊಂದು ಕಾಲಲ್ಲೂ ಹತ್ತು ಸಲ ಕುಪ್ಪಳಿಸಬೇಕು. ಇವೆಲ್ಲ ಆಗುವಾಗ ಕೆಳಗೆ ಭಾರ ಅನ್ನಿಸಬಾರದು, ಮೂತ್ರ ಸೋರಬಾರದು. ನಾನು ಪಡಸಾಲೆಯಲ್ಲಿ ಕುಪ್ಪಳಿಸುತ್ತಿದ್ದಾಗ ಅತ್ತೆ ತೊಟ್ಟಿಲು ತೂಗುವುದನ್ನು ನಿಲ್ಲಿಸಿ ನೋಡಿದರು. "ಕುಂಟಾಬಿಲ್ಲೆ ಆಡಾಕ ಹತ್ತೀಯೇನು?" ಎಂದರು. ಮೊದಲನೇ ಸಲ ನಾನು ಫೇಲ್. ಎಂಟನೇ ಕುಪ್ಪಳಿಕೆಗೆ ಸೋರಿತು.

ಬರೆಯಬಾರದು ಅಂದುಕೊಂಡಿದ್ದೆ, ಬರೆದೇಬಿಟ್ಟೆ. ಹೌದು, ಸೋರಿತು. ಮೂವತ್ತೊಂದು ವರ್ಷದ ಹೈಸ್ಕೂಲ್ ಟೀಚರ್, ಬೆಂಗಳೂರಿನಲ್ಲಿ ಟಿಸಿಎಸ್ 10ಕೆ (ಹತ್ತು ಕಿಲೋಮೀಟರ್ ಓಟ) ಓಡಿ ಮೆಡಲ್ ಫೋಟೋ ಹಾಕಿ ನಿಮ್ಮೆಲ್ಲರ ತಲೆ ತಿಂದವಳು, ಪಡಸಾಲೆಯಲ್ಲಿ ಸೋರಿಕೊಂಡು ಬಚ್ಚಲಿಗೆ ಹೋಗಿ ಅತ್ತಳು. ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಆಮೇಲೆ ಬಿಡದೆ ಮಾಡಿದೆ. ಮೂತ್ರ ತಡೆಯುವಾಗ ಒಳಗೆ ಬಿಗಿ ಹಿಡಿಯುತ್ತೇವಲ್ಲ, ಆ ಸ್ನಾಯುಗಳನ್ನು ಬಿಗಿ ಹಿಡಿದು ಸಡಿಲ ಬಿಡುವುದು. ಹಾಲು ಕುಡಿಸುತ್ತಾ ಮಾಡಬಹುದು, ಸಾರಿಗೆ ಒಗ್ಗರಣೆ ಕೊಡುತ್ತಾ ಮಾಡಬಹುದು, ಯಾರಿಗೂ ಗೊತ್ತಾಗಲ್ಲ. ನಮ್ಮಲ್ಲಿ ಬಾಣಂತಿಗೆ ಬಜೆ, ಸಾಂಬ್ರಾಣಿ, ಅಳ್ವಿ ಪಾಯಸ ಎಲ್ಲ ಹೇಳಿಕೊಡಲು ಹತ್ತು ಜನ ಇದ್ದರು. ಇದೊಂದನ್ನು ಹೇಳುವವರು ಒಬ್ಬರೂ ಇರಲಿಲ್ಲ. ಆಮೇಲೆ ವಿಚಾರಿಸಿದರೆ ಅವ್ವನಿಗೂ ಇದೆ, ಅತ್ತೆಗೂ ಇದೆ, ಕೆಮ್ಮಿದರೆ ಸೋರುವುದು. "ಎಲ್ಲಾರಿಗೂ ಇರತೈತಿ ತಗೋ" ಎಂದು ಮೂವತ್ತು ವರ್ಷ ತಡೆದುಕೊಂಡೇ ಬಂದಿದ್ದಾರೆ. ಏಳು ಜನರಲ್ಲಿ ಒಬ್ಬರಾದರೂ "ನಿನಗ ಆರಾಮೈತೇನವ್ವಾ?" ಎಂದು ಕೇಳಿದ್ದರೆ, ನಾನು ಈ ಬರಹ ಬರೆಯುತ್ತಲೇ ಇರಲಿಲ್ಲ.

ಪಿ.ಟಿ. ಮೇಷ್ಟ್ರು ಮಾತ್ರ ಕೂಸಿನ ಪ್ರಶ್ನೆಯ ಬಾಲಕ್ಕೆ ಒಂದು ಸಮಾಧಾನ ಸೇರಿಸಿದರು. "ಇರ್ಲಿ ಬಿಡವಾ, ಮಗ ಹುಟ್ಟಿದ ಮ್ಯಾಲೂ ಪಿ.ಟಿ. ಉಷಾ ಓಡಲಿಲ್ಲೇನು?" ಓಡಿದರು ಸರ್. 1998ರಲ್ಲಿ ಫುಕುವೋಕಾದ ಏಷ್ಯನ್ ಚಾಂಪಿಯನ್‌ಶಿಪ್‌ನಿಂದ ಪದಕವನ್ನೂ ತಂದರು. ಇಂಗ್ಲೆಂಡಿನ ಪೌಲಾ ರ‍್ಯಾಡ್‌ಕ್ಲಿಫ್ 2007ರ ಜನವರಿಯಲ್ಲಿ ಹೆತ್ತು ನವೆಂಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು. ನಡುವೆ ಬೆನ್ನಿನ ಕೆಳಗಿನ ಮೂಳೆಯಲ್ಲಿ ಬಿರುಕು ಬಿಟ್ಟು ನರಳಿದ್ದನ್ನು ಯಾರೂ ಹೇಳಲ್ಲ. ಆದರೆ ಸರ್, ನಾನು ಎರಡು ನಿಮಿಷ ಓಡಿ ಎರಡು ನಿಮಿಷ ನಡೆಯುವವಳು. ಮೊದಲು ಆರೂವರೆ ನಿಮಿಷಕ್ಕೆ ಒಂದು ಕಿಲೋಮೀಟರ್ ಆಗುತ್ತಿತ್ತು, ಈಗ ಒಂಬತ್ತು. ನನಗೆ ಪದಕ ಬೇಡ. ಏಪ್ರಿಲ್ ಬಿಸಿಲು ಏರುವ ಮೊದಲು ಆರು ಸುತ್ತು ಬೇಕು. ಒಂದು ಆಸೆಗೆ ಅನುಮತಿ ಸಿಗೋಕೆ ಉಷಾ ಅವರಷ್ಟು ಓಡಬೇಕು ಅಂದರೆ ಹೇಗೆ? ಏಳನೆಯವರನ್ನು ಯಾರೂ ಮಿಲ್ಖಾ ಸಿಂಗ್‌ಗೆ ಹೋಲಿಸಲಿಲ್ಲವಲ್ಲ.

ಈಗ ನನ್ನದೇ ಒಂದು ಹೊಲಸು ಸಂಗತಿ. ಹೇಳದಿದ್ದರೆ ರಾತ್ರಿ ನಿದ್ದೆ ಬರಲ್ಲ (ಹೇಗೂ ಬರಲ್ಲ, ಮಗಳು ಬಿಡಲ್ಲ).

ಕ್ರೀಡಾಂಗಣದ ರಸ್ತೆಯಲ್ಲಿ ಬೆಳಗ್ಗೆ ಕಸ ಗುಡಿಸುವ ಒಬ್ಬ ತಂಗಿ ಇದ್ದಾಳೆ. ನಾನು ಬಸುರಿ ಇದ್ದಾಗ ಅವಳೂ ಬಸುರಿ. ನಾನು ನಡೆಯೋಕೆ ಬರುತ್ತಿದ್ದೆ, ಅವಳು ಗುಡಿಸೋಕೆ. ಇಬ್ಬರೂ ಹೊಟ್ಟೆ ನೋಡಿಕೊಂಡು ನಗುತ್ತಿದ್ದೆವು. ಹೋದ ತಿಂಗಳು ತಿರುಗಿ ಸಿಕ್ಕಳು. ಹೊಟ್ಟೆ ಇಳಿದಿತ್ತು, ಕೈಯಲ್ಲಿ ಪೊರಕೆ ಇತ್ತು. ನನ್ನ ಬಾಯಿಂದ ಬಂದ ಮೊದಲನೇ ಮಾತು ಯಾವುದು ಹೇಳಿ?

ಅದೇ.

ಅವಳು ಮಾತಾಡಲಿಲ್ಲ, ಗದ್ದ ಎತ್ತಿ ತೋರಿಸಿದಳು. ಕಸದ ತಳ್ಳುಗಾಡಿಯಿಂದ ಸ್ವಲ್ಪ ದೂರ, ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ, ಐದಾರು ವರ್ಷದ ಹುಡುಗಿಯ ತೊಡೆಯ ಮೇಲೆ ಬಟ್ಟೆಯ ಗಂಟು. ನಾನು ಸರ್ಕಾರಿ ನೌಕರಳು, ನನಗೆ 180 ದಿನ ಹೆರಿಗೆ ರಜೆ. ಸಂಬಳದ ಸಮೇತ. ಅವಳಿಗೆ ಎಷ್ಟು ದಿನ ಸಿಕ್ಕಿತ್ತು ಅಂತ ಕೇಳಬೇಕಿತ್ತು. ಕೇಳಿದ್ದು ಕೂಸು ಎಲ್ಲಿ ಅಂತ. ಹಾಗಂತ ಬೆಳಗಿನ ಏಳು ಜನರ ಮೇಲಿನ ಸಿಟ್ಟು ಇಳಿದಿದೆಯಾ? ಇಲ್ಲ. ಎಂಟನೆಯವಳು ನಾನೇ ಎಂದು ಸೇರಿಸಿಕೊಳ್ಳಿ, ಲೆಕ್ಕ ಜಾಸ್ತಿ ಆಯಿತು ಅಷ್ಟೇ.

ಬಿ ಶಿಫ್ಟ್ ಇವತ್ತಿಗೆ ಮುಗಿಯಿತು. ಐದು ದಿನ ಓಡಿದೆ, ಎರಡು ದಿನ ಮಗಳ ಹೊಟ್ಟೆನೋವಿಗೆ ಹೋಯಿತು. ಮುಂದಿನ ಬಿ ಶಿಫ್ಟ್ ಬರುವ ಹೊತ್ತಿಗೆ ಐದೂವರೆಗೂ ಬಿಸಿ ಗಾಳಿ ಬೀಸುತ್ತಿರುತ್ತದೆ, ಕಾಲು ಮತ್ತೆ ಮೊದಲಿನಿಂದ ಕಲಿಯಬೇಕು. ಇದನ್ನೇ ಗೊಣಗುತ್ತಾ ಶೂ ಬಿಚ್ಚುತ್ತಿದ್ದೆ. ಇವರು ಮಗಳನ್ನು ಎದೆಯ ಮೇಲೆ ಹಾಕಿಕೊಂಡು ಕೂತಲ್ಲೇ ನಿದ್ದೆ ಹೋಗಿದ್ದರು. ರಾತ್ರಿ ಮಲಗಿದ್ದೇ ಹನ್ನೆರಡಕ್ಕೆ. ಅತ್ತೆ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಾರೆ. ಮೊಣಕಾಲು ನೋವಿನವರು, ಬೆಳಗ್ಗೆ ಆರಕ್ಕೆ ಮುಂಚೆ ಏಳುವುದೇ ಕಷ್ಟ.

"ಮುಂದಿನ ವಾರ ನಾನ ಏಳತೀನಿ, ಹೋಗು" ಎಂದರು. "ಆದ್ರ ಒಂದು ಮಾತು. ಕಿವಿಗೆ ಅರಳಿ ಇಟಗೊಂಡು ಓಡಬೇಕು. ಇಲ್ಲಂದ್ರ ಬ್ಯಾಡ."

ಐದು ತಿಂಗಳಾಯಿತು, ಅರಳಿ ಬೇಡ ಎಂದು ಮೊನ್ನೆಯಷ್ಟೇ ಜಗಳ ಆಡಿದ್ದೆ. ಇವತ್ತು ತಕ್ಷಣ ಒಪ್ಪಿಕೊಂಡೆ. ಎರಡೂ ಕಿವಿಗೆ ಚೆನ್ನಾಗಿ ಒತ್ತಿ ಇಟ್ಟುಕೊಂಡೇ ಹೋಗುತ್ತೇನೆ. ಗೇಟಿನಲ್ಲಿ ಯಾರು ಏನು ಕೇಳಿದರೂ ಕೇಳಿಸಬಾರದು, ಅಷ್ಟು.