ಬೋಯರ್ ಯುದ್ಧದ ಪದಕ ಮತ್ತು ಅದು ಸಿಗದ ಎಂಟುನೂರು ಜನ

1920ರ ಆಗಸ್ಟ್ 1ರಂದು ಗಾಂಧೀಜಿ ಬ್ರಿಟಿಷರು ಕೊಟ್ಟಿದ್ದ ಮೂರು ಪದಕಗಳನ್ನು ವೈಸ್‌ರಾಯ್ ಚೆಲ್ಮ್ಸ್‌ಫರ್ಡ್ ಅವರಿಗೆ ಹಿಂದಿರುಗಿಸಿದರು. ಕೈಸರ್-ಇ-ಹಿಂದ್ ಹೆಸರು ಬಹಳ ಜನರಿಗೆ ಗೊತ್ತು. ದಕ್ಷಿಣ ಆಫ್ರಿಕಾದಲ್ಲಿ ಡಚ್ ಮೂಲದ ಬೋಯರರಿಗೂ ಬ್ರಿಟಿಷರಿಗೂ ನಡೆದ ಬೋಯರ್ ಯುದ್ಧದ ಪದಕವನ್ನು ಮಾತ್ರ ನಾವು ಒಂದೇ ಸಾಲಿನಲ್ಲಿ ದಾಟಿಬಿಡುತ್ತೇವೆ. ಅದನ್ನು ಹಿಂದಿರುಗಿಸಿದ ದಿಟ್ಟತನದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಹಿಂದಿರುಗಿಸುವುದಕ್ಕೂ ಮೊದಲು ಅದು ಕೈಗೆ ಬಂದಿರಬೇಕಲ್ಲವೇ? ಯಾರ ಕೈಗೆ ಬರಲೇ ಇಲ್ಲ ಎಂಬುದನ್ನು ನಾವೇಕೆ ಕೇಳುವುದಿಲ್ಲ?

1899ರ ಅಕ್ಟೋಬರಿನಲ್ಲಿ ಯುದ್ಧ ಶುರುವಾದಾಗ ಅಲ್ಲಿನ ಬ್ರಿಟಿಷ್ ವಸಾಹತಾದ ನಟಾಲ್‌ನ ಭಾರತೀಯರು ಗಾಯಾಳುಗಳನ್ನು ಹೊರುವ ದಳವೊಂದನ್ನು ಕಟ್ಟಿದರು. ಗಾಂಧೀಜಿಯವರೇ ಕೊಟ್ಟಿರುವ ಲೆಕ್ಕದಂತೆ ಅದರಲ್ಲಿ 1,100 ಜನರಿದ್ದರು. ಸ್ವತಂತ್ರರು ಸುಮಾರು 300 ಮಂದಿ. ಮಿಕ್ಕವರೆಲ್ಲ ಕರಾರಿಗೆ ಹೆಬ್ಬೆಟ್ಟು ಒತ್ತಿ ಕಬ್ಬಿನ ತೋಟಗಳಿಗೂ ಗಣಿಗಳಿಗೂ ಬಂದಿದ್ದ ಗಿರ್ಮಿಟ್ ಕೂಲಿಗಳು. ನಟಾಲ್‌ನ ಗಿರ್ಮಿಟ್ ಕೂಲಿಗಳಲ್ಲಿ ಬಹಳ ಮಂದಿ ಮದ್ರಾಸ್ ಬಂದರಿನಲ್ಲಿ ಹಡಗು ಹತ್ತಿದ ತಮಿಳರು, ತೆಲುಗರು. ಕೊಲೆನ್ಸೊ ಎಂಬಲ್ಲಿ ಸೋತು ಬ್ರಿಟಿಷ್ ಸೈನ್ಯ ಕಂಗೆಟ್ಟಾಗ ಗಾಯಗೊಂಡವರನ್ನು ಹೊತ್ತವರು ಇವರು. ಗುಂಡು ಹಾರುವ ಜಾಗಕ್ಕೆ ಹೋಗಬೇಕೆಂಬ ಕಟ್ಟುಪಾಡು ಇವರಿಗಿರಲಿಲ್ಲ. ಆದರೂ 1900ರ ಜನವರಿಯಲ್ಲಿ ಸ್ಪಿಯನ್ ಕಾಪ್ ಬೆಟ್ಟದ ಕಾಳಗದಲ್ಲಿ ಸೇನಾಧಿಪತಿ ಬುಲರ್ ಕೇಳಿಕೊಂಡಾಗ ಅಲ್ಲಿಗೂ ಹೋದರು. ಕೆಲವು ದಿನ ಗಾಯಾಳುಗಳ ಡೋಲಿ ಹೊತ್ತು ಇಪ್ಪತ್ತು, ಇಪ್ಪತ್ತೈದು ಮೈಲಿ ನಡೆದರು.

ಪದಕ ಬಂದದ್ದು ಗಾಂಧೀಜಿಯೂ ಸೇರಿದಂತೆ ದಳದ ನಾಯಕರಿಗೆ. ಅವರ ಸಂಖ್ಯೆ ನಲವತ್ತರೊಳಗೆ.

ವಿಕ್ಟೋರಿಯಾ ರಾಣಿಯ ಮುಖವಿದ್ದ ಈ ಪದಕದ ಅಂಚಿನಲ್ಲಿ ಪಡೆದವರ ಹೆಸರನ್ನು ಅಚ್ಚೊತ್ತುತ್ತಿದ್ದರು. ಸೈನಿಕರಿಗೆ ಬೆಳ್ಳಿಯದು. ಭಾರತದಿಂದ ಸೈನ್ಯದೊಂದಿಗೆ ಹೋದ ಡೋಲಿಯವರು, ಕುದುರೆ ಚಾಕರಿಯವರಂಥವರಿಗೆ ಕಂಚಿನದು. ಲೋಹದಲ್ಲೂ ತಾರತಮ್ಯ, ನಿಜ, ಆದರೂ ಕೊಟ್ಟರು. ತೋಟದ ಕೂಲಿಗೆ ಆ ಕಂಚೂ ಇಲ್ಲ. ಹೆಸರು ತಿಳಿಯದೆ ಹೀಗಾಯಿತೆಂದು ಯಾರೂ ಹೇಳುವಂತಿಲ್ಲ. ಹಡಗಿನಿಂದ ಇಳಿದ ಪ್ರತಿಯೊಬ್ಬರ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಊರು, ಇಷ್ಟನ್ನೂ ನಟಾಲ್ ಸರ್ಕಾರ ಕ್ರಮಸಂಖ್ಯೆ ಹಾಕಿ ದಫ್ತರದಲ್ಲಿ ಬರೆದಿಟ್ಟಿತ್ತು. ದುಡಿಸಿಕೊಳ್ಳಲು ಬೇಕಾದ ಹೆಸರು ಗೌರವಿಸಲು ಬೇಡವಾಯಿತು. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ದಳವನ್ನು ಆರು ವಾರಗಳಲ್ಲಿ ವಿಸರ್ಜಿಸಿದರು. ಗಿರ್ಮಿಟ್ ಕೂಲಿಗಳಿಗೆ ಮತ್ತೆ ಅದೇ ದುಡಿಮೆ. 1895ರ ಕಾನೂನಿನ ನಂತರ ಬಂದವರು ಕರಾರು ಮುಗಿದ ಮೇಲೂ ಅಲ್ಲಿ ಸ್ವತಂತ್ರರಾಗಿ ಬದುಕಬೇಕೆಂದರೆ ವರ್ಷಕ್ಕೆ 3 ಪೌಂಡ್ ತೆರಿಗೆ ಕಟ್ಟಬೇಕಿತ್ತು. ಮೊದಲ ವರ್ಷದ ಕೂಲಿ ತಿಂಗಳಿಗೆ 10 ಶಿಲಿಂಗ್, ಹಾಗಾಗಿ ಅದು ಆರು ತಿಂಗಳ ದುಡಿಮೆಗೆ ಸಮ. ಸಾಮ್ರಾಜ್ಯದ ಸೈನಿಕರನ್ನು ಹೊತ್ತವರೆಂದು ಯಾರಿಗೂ ವಿನಾಯಿತಿ ಸಿಗಲಿಲ್ಲ. ಆ ತೆರಿಗೆ ರದ್ದಾದದ್ದು 1914ರಲ್ಲಿ, ಅದೂ ಇಂಥದ್ದೇ ಕೂಲಿಗಳು ಸಾವಿರಗಟ್ಟಲೆ ಮುಷ್ಕರ ಹೂಡಿ ಜೈಲು ಸೇರಿದ ಮೇಲೆ.

ನಮ್ಮ ಶಾಲೆಯ ಪಾಠಗಳಲ್ಲಿ ಹಿಂದಿರುಗಿಸಿದ ಪದಕಗಳ ಮಾತು ಬಂದಾಗ ಈ ಎಂಟುನೂರು ಜನರಿಗೂ ಒಂದು ಪ್ಯಾರಾ ಕೊಡಿ. ಇತಿಹಾಸ ಕಲಿಸುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ.